ನೀಡಲ್ ಫೆಲ್ಟಿಂಗ್ ಕಿಟ್: ಕೊಡಗಿನ ಮೂರು ಮಳೆಗಾಲ ದಾಟಿದ ಮೇಲೆ

ಮಾದಾಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ನನಗೆ ರೈಟರ್ ಕೆಲಸ, ಅಂದರೆ ತೋಟದ ಲೆಕ್ಕ ಬರೆಯುವುದು. ಜೂನ್ ಬಂತೆಂದರೆ ಇಲ್ಲಿ ಸಂಜೆ ಐದಕ್ಕೇ ಕತ್ತಲು. ಕರೆಂಟ್ ಹೋದರೆ ಎರಡು ಮೂರು ದಿನ ಬರುವುದಿಲ್ಲ, ಅದರ ಹಿಂದೆಯೇ ಮೊಬೈಲ್ ಟವರ್ ಕೂಡ ಮಲಗುತ್ತದೆ. 2023ರ ಮೇ ತಿಂಗಳಲ್ಲಿ ಮಗಳು ಹಟ ಮಾಡಿದಳೆಂದು ಆನ್‌ಲೈನ್‌ನಲ್ಲಿ ಒಂದು ನೀಡಲ್ ಫೆಲ್ಟಿಂಗ್ ಕಿಟ್ ತರಿಸಿದೆ. ಎರಡನೇ ದಿನ ಬೆರಳಿಗೆ ಚುಚ್ಚಿಕೊಂಡವಳು ಮತ್ತೆ ಅದರ ಕಡೆ ತಿರುಗಿ ನೋಡಲಿಲ್ಲ. ಒಂಬೈನೂರು ಚಿಲ್ಲರೆ ರೂಪಾಯಿ ಸುಮ್ನೆ ಹೋಯಿತಲ್ಲ ಎಂಬ ಹೊಟ್ಟೆಯುರಿಗೆ ನಾನು ಕೂತೆ. ಇನ್ನೂ ಎದ್ದಿಲ್ಲ.

ಐದಕ್ಕೆ ಅಂಕ ಕೊಡಬೇಕೆಂದರೆ ಆ ಕಿಟ್‌ಗೆ ಎರಡು, ಹವ್ಯಾಸಕ್ಕೆ ನಾಲ್ಕೂವರೆ. ಉಳಿದ ಅರ್ಧವನ್ನು ನನ್ನ ಎಡಗೈ ತೋರುಬೆರಳು ಇಟ್ಟುಕೊಂಡಿದೆ.

ಗೊತ್ತಿಲ್ಲದವರಿಗೆ: ಇದರಲ್ಲಿ ಹೊಲಿಗೆ ಇಲ್ಲ, ಹೆಣಿಗೆ ಇಲ್ಲ, ಅಂಟೂ ಇಲ್ಲ. ಸಡಿಲ ಉಣ್ಣೆಯ ಉಂಡೆಗೆ ಸೂಜಿಯಿಂದ ಚುಚ್ಚುತ್ತಾ ಹೋಗುವುದು, ಅಷ್ಟೆ. ಸೂಜಿಗೆ ಕಣ್ಣಿಲ್ಲ. ತುದಿಯ ಹತ್ತಿರ ಅಂಚುಗಳಲ್ಲಿ ಸಣ್ಣ ಸಣ್ಣ ಕಚ್ಚುಗಳಿವೆ. ಒಳಗೆ ಹೋಗುವಾಗ ಅವು ಎಳೆಗಳನ್ನು ಎಳೆದುಕೊಂಡು ಹೋಗುತ್ತವೆ, ಬರುವಾಗ ಅಲ್ಲೇ ಬಿಟ್ಟು ಬರುತ್ತವೆ. ಉಣ್ಣೆಯ ಎಳೆಯ ಮೇಲೆ ಮೀನಿನ ಹಾಗೆ ಪೊರೆ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಆ ಪೊರೆಗಳು ಒಂದಕ್ಕೊಂದು ಸಿಕ್ಕಿಕೊಂಡು ಉಣ್ಣೆ ಜಡೆಗಟ್ಟುತ್ತದೆ. ಈ ಸೂಜಿ ಮೊದಲು ಇದ್ದದ್ದು ಕಾರ್ಖಾನೆಯ ಯಂತ್ರಗಳಲ್ಲಿ, ಸಾವಿರಗಟ್ಟಲೆ ಸಾಲಾಗಿ. ಅದನ್ನು ಕೈಯಲ್ಲಿ ಹಿಡಿದು ಗೊಂಬೆ ಮಾಡುವ ಚಾಳಿ ಶುರುವಾದದ್ದು 1980ರ ದಶಕದಲ್ಲಿ, ಅಮೆರಿಕದಲ್ಲಿ. ಅಜ್ಜಿ ಕಾಲದ ಕಲೆ ಏನಲ್ಲ.

ಕಿಟ್‌ನಲ್ಲಿ ಬಂದದ್ದು ಮೂರು ಸೂಜಿ, ಒಂದು ಸ್ಪಂಜಿನ ತುಂಡು, ಹತ್ತು ಬಣ್ಣದ ಉಣ್ಣೆ ಚೂರು ಚೂರು, ಬೆರಳಿಗೆ ಎರಡು ಚರ್ಮದ ಟೋಪಿ. ಸೂಜಿ ಯಾವ ನಂಬರಿನದು ಎಂದು ಎಲ್ಲೂ ಬರೆದಿರಲಿಲ್ಲ. ನಂಬರ್ ಜಾಸ್ತಿಯಾದಷ್ಟು ಸೂಜಿ ಸಣ್ಣ: 36 ಆಕಾರ ತರಲು, 38 ಎಲ್ಲದಕ್ಕೂ, 40 ಕೊನೆಯ ನಯಕ್ಕೆ. ನನಗೆ ಸಿಕ್ಕ ಮೂರೂ ಒಂದೇ ದಪ್ಪ. ಒಂದು ಮೊದಲ ರಾತ್ರಿಯೇ ಮುರಿಯಿತು, ಇನ್ನೊಂದು ಆ ವಾರ. ತಪ್ಪು ನನ್ನದೇ. ಹೋದ ದಾರಿಯಲ್ಲೇ ನೇರ ವಾಪಸ್ ಬರಬೇಕು. ಒಳಗಿರುವಾಗ ಸೂಜಿಯನ್ನು ಸನ್ನೆಗೋಲಿನ ಹಾಗೆ ಬಾಗಿಸಿದರೆ ಟಿಕ್ ಅನ್ನುತ್ತದೆ, ಮುಗೀತು. ಈ ಒಂದು ಮಾತು ಅವರ ಚೀಟಿಯಲ್ಲಿ ಇರಲಿಲ್ಲ.

ಮುರಿದ ತುದಿ ಗೊಂಬೆಯೊಳಗೇ ಉಳಿಯುತ್ತದೆ, ಅದು ಹೆದರಿಕೆಯ ವಿಷಯ. ಹಳೇ ಸ್ಪೀಕರ್‌ನ ಅಯಸ್ಕಾಂತ ಹಿಡಿದು ಹುಡುಕಿದೆ. ಒಂದು ಸಿಕ್ಕಿತು, ಒಂದು ಸಿಗಲೇ ಇಲ್ಲ. ಆ ಗೊಂಬೆ ಕಪಾಟಿನ ಮೇಲಿನ ಹಲಗೆಯಲ್ಲಿದೆ, ಮಕ್ಕಳ ಕೈಗೆ ಕೊಡುವುದಿಲ್ಲ.

ಮೊದಲ ಗೊಂಬೆ ಆನೆ. ಕೊಡಗಿನವರು ಮತ್ತೇನು ಮಾಡುತ್ತಾರೆ, ದುಬಾರೆಯ ಆನೆ ಶಿಬಿರ ಇಷ್ಟು ಹತ್ತಿರ ಇಟ್ಟುಕೊಂಡು? ನಾಲ್ಕು ಕಾಲು ನಾಲ್ಕು ಅಳತೆ. ಮೇಲಾಗಿ ಮೆತ್ತಗೆ, ಒತ್ತಿದರೆ ಇಡ್ಲಿ ಹಿಟ್ಟಿನ ಹಾಗೆ ಒಳಗೆ ಹೋಗುತ್ತಿತ್ತು. ಹೊಸಬರೆಲ್ಲ ಮಾಡುವ ತಪ್ಪು ಇದೇ, ಸಾಕಷ್ಟು ಚುಚ್ಚುವ ಮೊದಲೇ ಆಯಿತು ಅಂದುಕೊಳ್ಳುವುದು. ನಿಂಬೆಹಣ್ಣಿನಷ್ಟು ಗಟ್ಟಿ ಉಂಡೆಗೆ ನನಗೆ ಈಗಲೂ ಒಂದು ಗಂಟೆ ಬೇಕು. ಎಷ್ಟು ಉಣ್ಣೆ ಬೇಕೆಂದು ಅನಿಸುತ್ತದೋ ಅದರ ಎರಡರಷ್ಟು ತೆಗೆದುಕೊಳ್ಳಿ, ಅಷ್ಟು ಕುಗ್ಗುತ್ತದೆ.

ಕಿಟ್‌ನ ಉಣ್ಣೆ ಆ ಆನೆಗೇ ಮುಗಿಯಿತು. ಮಡಿಕೇರಿಯ ಫ್ಯಾನ್ಸಿ ಅಂಗಡಿಯಲ್ಲಿ ಉಲ್ಲನ್ ದಾರ ತಂದು ಬಿಡಿಸಿ ಚುಚ್ಚಿದೆ, ಕಚ್ಚಲೇ ಇಲ್ಲ. ಎಳೆಗೆ ಬೆಂಕಿ ಹಿಡಿದು ನೋಡಿದೆ. ನಿಜವಾದ ಉಣ್ಣೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಕೈಯಲ್ಲಿ ಪುಡಿಯಾಗುತ್ತದೆ. ಇದು ಕರಗಿ ಗಟ್ಟಿ ಮಣಿ ಆಯಿತು. ಅಕ್ರಿಲಿಕ್.

ಆಮೇಲೆ ಬುದ್ಧಿ ಬಂತು. ಗೊಂಬೆಯ ಒಳಗೆ ಏನಿದೆ ಅಂತ ಯಾರು ನೋಡುತ್ತಾರೆ? ಪರಿಚಯದ ಲಾರಿ ಡ್ರೈವರ್ ಚಳ್ಳಕೆರೆ ಕಡೆಯಿಂದ ಎರಡು ಕೆಜಿ ಕುರಿ ಉಣ್ಣೆ ತಂದುಕೊಟ್ಟ, ಕಂಬಳಿ ನೇಯುವವರು ಬಳಸುವ ಒರಟು ದಖನಿ ಉಣ್ಣೆ. ನಮ್ಮಜ್ಜ ಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಗೆ ಹೋಗುತ್ತಿದ್ದರು, ಅದೇ ವಾಸನೆ. ಮುಳ್ಳು, ಹುಲ್ಲುಬೀಜ ಎಲ್ಲ ಇತ್ತು. ಅಂಟುವಾಳದ ನೀರಿನಲ್ಲಿ ನೆನೆಹಾಕಿದೆ. ಮೊದಲ ಸಲ ಬಿಸಿ ನೀರಿನಲ್ಲಿ ಬಟ್ಟೆ ಒಗೆದಂತೆ ಕಲಸಿದ್ದಕ್ಕೆ ಅರ್ಧ ಕೆಜಿ ಉಣ್ಣೆ ಕಾಲೊರಸು ಆಯಿತು. ಬಿಸಿ, ಸಾಬೂನು, ತಿಕ್ಕಾಟ ಮೂರೂ ಸೇರಿದರೆ ಸೂಜಿಯೇ ಬೇಡ. ಉಗುರುಬೆಚ್ಚಗಿನ ನೀರು, ಮುಳುಗಿಸಿ ಸುಮ್ಮನೆ ಬಿಡಿ, ಕೈ ಹಾಕಬೇಡಿ. ಒಳಗಿನ ತಿರುಳಿಗೆ ಈ ಒರಟು ಉಣ್ಣೆ ಬಹಳ ಒಳ್ಳೆಯದು, ಬೇಗ ಗಟ್ಟಿಯಾಗುತ್ತದೆ. ಮೆರಿನೋ ಕುರಿಯ ದುಬಾರಿ ಉಣ್ಣೆ ಮೇಲಿನ ಪದರಕ್ಕೆ ಸಾಕು. ಅದು ನಯ, ಆದರೆ ಅದೊಂದರಲ್ಲೇ ಗೊಂಬೆ ಮಾಡಹೊರಟರೆ ಮಳೆಗಾಲವೇ ಮುಗಿಯುತ್ತದೆ.

ಈಗ ನಮ್ಮ ಊರಿನ ಕಷ್ಟ. ಉಣ್ಣೆ ತನ್ನ ತೂಕದ ಸುಮಾರು 30 ಪರ್ಸೆಂಟ್‌ವರೆಗೆ ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನಿಸುವುದಿಲ್ಲ. ಬಯಲುಸೀಮೆಯಲ್ಲಿ ಇದು ಬರೀ ವಿಜ್ಞಾನ. ಇಲ್ಲಿ ಬೂಸು. ಮೊದಲ ವರ್ಷ ಆಗಸ್ಟ್‌ನಲ್ಲಿ ಆನೆಯ ಬೆನ್ನ ಮೇಲೆ ಬಿಳಿ ಬೂಸು ಹಿಡಿಯಿತು, ಮುದಿ ಆನೆ ಆಯಿತು. ಸೂಜಿಗೆ ತುಕ್ಕು. ತುಕ್ಕು ಹಿಡಿಯದಿರಲಿ ಎಂದು ಹೊಲಿಗೆ ಮೆಷಿನ್ ಎಣ್ಣೆ ಸವರಿದೆ, ಒರೆಸಲು ಮರೆತೆ. ಬಿಳಿ ಉಣ್ಣೆಯ ಮೇಲೆ ಕಲೆ. ನುಸಿಗೆ ಫ್ರೀಜರ್‌ನಲ್ಲಿ ಒಂದು ವಾರ ಇಡಿ ಅನ್ನುತ್ತಾರೆ. ಜುಲೈನಲ್ಲಿ ನಮ್ಮ ಫ್ರೀಜರ್ ಬರೀ ಕಪಾಟು, ಅಲ್ವಾ? ಈಗ ಎಲ್ಲವೂ ಅಡುಗೆಮನೆ ಒಲೆಯ ಮೇಲಿನ ಅಟ್ಟದಲ್ಲಿದೆ, ಮುಚ್ಚಳ ಬಿಗಿಯಾದ ಡಬ್ಬಿಗಳಲ್ಲಿ, ನ್ಯಾಫ್ತಲಿನ್ ಗುಳಿಗೆ ಜೊತೆ. ಸ್ವಲ್ಪ ಹೊಗೆ ವಾಸನೆ ಬರುತ್ತದೆ. ಬೂಸಿಗಿಂತ ವಾಸಿ.

ಸ್ಪಂಜು ಮೂರು ತಿಂಗಳಿಗೆ ಪುಡಿಯಾಯಿತು. ಕಾಫಿ ಗೋಣಿಯ ತುಂಡಿನಲ್ಲಿ ಅಕ್ಕಿ ತುಂಬಿ ದಿಂಬು ಹೊಲಿದೆ, ಸೂಜಿಗೆ ಹಾಯಾಗಿದೆ. ಒಂದು ಸಲ ಹುಳ ಬಿತ್ತು. ಆಮೇಲೆ ಅಕ್ಕಿ ಹುರಿದು ತುಂಬಿದೆ. ಹೆಂಡತಿ ಏನೂ ಹೇಳಲಿಲ್ಲ, ನೋಡಿದಳು ಅಷ್ಟೆ.

ಕೆಂದಳಿಲಿನ ಬಗ್ಗೆ ಹೇಳಲೇಬೇಕು, ಇಷ್ಟೆಲ್ಲ ಮಾಡಿದ್ದೇ ಅದಕ್ಕೆ. ಆಫೀಸಿನ ಹಿಂದಿನ ಹಲಸಿನ ಮರದಲ್ಲಿ ಒಂದಿದೆ, ಮೈಗಿಂತ ಬಾಲ ಉದ್ದ. ಆ ಕೆಂಗಂದು ಬಣ್ಣ ಯಾವ ಪ್ಯಾಕೆಟ್‌ನಲ್ಲೂ ಸಿಗುವುದಿಲ್ಲ. ನಾಯಿಯ ಕೂದಲು ಬಾಚುವ ತಂತಿಯ ಬ್ರಷ್ ಎರಡು ತಂದು, ಕೆಂಪು ಮತ್ತು ಕಪ್ಪು ಉಣ್ಣೆಯನ್ನು ನಡುವೆ ಹಾಕಿ ಎಳೆದೆಳೆದು ಬೆರೆಸಿದೆ. ಹೊಟ್ಟೆಯ ಕೆನೆ ಬಣ್ಣಕ್ಕೆ ರೋಬಸ್ಟಾ ಡಿಕಾಕ್ಷನ್‌ನಲ್ಲಿ ಸ್ವಲ್ಪ ಹೊತ್ತು ಅದ್ದಿದ ಬಿಳಿ ಉಣ್ಣೆ. ಬಾಲಕ್ಕೆ ಒಳಗೆ ತಂತಿ ಇಟ್ಟೆ, ತಂತಿಗೆ ತಗಲಿ ನಾಲ್ಕು ಸೂಜಿ ಹೋದವು. ಮೂರು ವಾರ ಹಿಡಿಯಿತು. ಕಾಫಿ ಕುಯ್ಯುವ ಹೆಂಗಸರು ಬಿಲ್ ಕೇಳಲು ಬಂದವರು ಕಿಟಕಿಯಲ್ಲಿ ಅದನ್ನು ನೋಡಿ, ಒಳಗೆ ಹೇಗೆ ಬಂತು, ಓಡಿಸಿ ಎಂದರು. ನನಗೆ ಸಿಕ್ಕಿದ ಒಳ್ಳೆಯ ಸರ್ಟಿಫಿಕೇಟ್ ಅದು.

ಕೊಳ್ಳುವವರಿಗೆ ಹೇಳುವುದಿಷ್ಟೇ: ಕಿಟ್ ಬೇಡ. 36, 38, 40 ನಂಬರಿನ ಸೂಜಿ ಐದೈದು ತರಿಸಿ, ಉಣ್ಣೆ ತೂಕದಲ್ಲಿ ಕೊಳ್ಳಿ. ಚರ್ಮದ ಟೋಪಿಯನ್ನು ಮಾತ್ರ ಬಿಡಬೇಡಿ, ಮೇಣದಬತ್ತಿಯ ಬೆಳಕಿನಲ್ಲಿ ಕೂರುವವರಂತೂ ಖಂಡಿತ. ಸಣ್ಣ ಮಕ್ಕಳಿಗೆ ಇದು ಬೇಡವೇ ಬೇಡ.

ನನ್ನ ಡಬ್ಬಿಯಲ್ಲೀಗ ಮೂರು ಸೂಜಿ ಉಳಿದಿವೆ. ಮಳೆ ಹಿಡಿಯುವ ಮೊದಲು ಒಂದು ಡಜನ್ ತರಿಸಬೇಕು. ಆಮೇಲೆ ಕೊರಿಯರ್ ಹುಡುಗ ತೋಟದ ಗೇಟಿನವರೆಗೂ ಬರುವುದಿಲ್ಲ.