ಕಾಲುದಾರಿಯ ಗಾಜಿನ ಬೆಳಕಿಂಡಿ: ಗಾಜು ನೋಡಿ ಕೊಳ್ಳಬೇಡಿ, ಸಂದು ನೋಡಿ

ನೆಲಮಾಳಿಗೆಗೆ ಹಗಲು ಬೆಳಕು ಬೇಕೆಂದು ಕಾಲುದಾರಿಯಲ್ಲಿ ಗಾಜು–ಲೋಹದ ಬೆಳಕಿಂಡಿ ಕೂರಿಸುವವರು ಮೊದಲು ಕೇಳುವುದು ಗಾಜಿನ ದಪ್ಪ. ಹತ್ತಾರು ಮಳೆಗಾಲ ಕಳೆದ ಮೇಲೆ ಕೈಕೊಡುವುದು ಮಾತ್ರ ಹೆಚ್ಚಾಗಿ ಗಾಜು–ಚೌಕಟ್ಟಿನ ನಡುವಿನ ಸಂದು.

ಥಡ್ಡಿಯಸ್ ಹಯಾಟ್ 1845ರಲ್ಲಿ ಅಮೆರಿಕದಲ್ಲಿ ಇಂಥ ಬೆಳಕಿಂಡಿಗೆ ಪೇಟೆಂಟ್ ಪಡೆದ ಕಾಲದ ಬೀಡುಕಬ್ಬಿಣದ ಚೌಕಟ್ಟುಗಳಲ್ಲೂ ಇದೇ ಕಥೆ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಆ ಒತ್ತಡಕ್ಕೆ ಗಾಜಿನ ಅಂಚು ಚಕ್ಕೆ ಏಳುತ್ತದೆ. ಹಳೆಯ ಗಾಜು ನೇರಳೆಗೆ ತಿರುಗಿದ್ದರೆ ಗಾಬರಿ ಬೇಡ. ಅದು ಗಾಜಿನಲ್ಲಿರುವ ಮ್ಯಾಂಗನೀಸ್ ಮೇಲೆ ಬಿಸಿಲು ಮಾಡಿದ ಕೆಲಸ.

ಅಲ್ಯೂಮಿನಿಯಂ ಚೌಕಟ್ಟು ಹಗುರ, ಆದರೆ ಗಾಜಿಗಿಂತ ಎರಡು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಒಂದು ಮೀಟರ್ ಉದ್ದಕ್ಕೆ, 40 ಡಿಗ್ರಿ ಸೆಲ್ಸಿಯಸ್ ಏರಿಳಿತದಲ್ಲಿ, ಎರಡರ ನಡುವೆ ಅರ್ಧ ಮಿಲಿಮೀಟರಿಗೂ ಮೀರಿದ ವ್ಯತ್ಯಾಸ. ಗಟ್ಟಿ ಸಿಮೆಂಟಿನಲ್ಲಿ ಗಾಜು ಕೂರಿಸಿದರೆ ಈ ವ್ಯತ್ಯಾಸ ತಾಳುವವರಾರು? ಗಾಜಿನ ಅಡಿ, ಪಕ್ಕ ಎರಡೂ ಕಡೆ ರಬ್ಬರ್ ಇರಲೇಬೇಕು. ಹಸಿ ಕಾಂಕ್ರೀಟಿನ ಕ್ಷಾರ ಅಲ್ಯೂಮಿನಿಯಂ ತಿನ್ನುತ್ತದೆ, ಹಾಗಾಗಿ ತಾಗುವ ಮೈಗೆ ಬಿಟುಮೆನ್ (ಡಾಂಬರು) ಬಳಿಯಿರಿ. ಸ್ಟೇನ್‌ಲೆಸ್ ತಿರುಪಿಗೆ ನೈಲಾನ್ ವಾಷರ್ ಹಾಕಿ.

ಸೋರಿದಾಗ ಹಳೆಯ ಸೀಲಂಟ್ (ಸಂದು ಮುಚ್ಚುವ ಮೆತ್ತನೆ ಅಂಟು) ಮೇಲೆ ಹೊಸದನ್ನು ಮೆತ್ತುವುದು ದಂಡ. ಪೂರ್ತಿ ಕೆತ್ತಿ ತೆಗೆದು, ಒಣಗಿಸಿ, ಅಂಟು ಹಿಡಿಸುವ ಪ್ರೈಮರ್ ಹಚ್ಚಿ, ತಳಕ್ಕೆ ಫೋಮ್ ಹುರಿ ತುಂಬಬೇಕು. ಹುರಿ ಇಲ್ಲದಿದ್ದರೆ ಸೀಲಂಟ್ ತಳಕ್ಕೂ ಅಂಟಿ, ಹಿಗ್ಗಲಾರದೆ ಸೀಳುತ್ತದೆ. 12 ಮಿ.ಮೀ. ಅಗಲದ ಸಂದಿಗೆ 6 ಮಿ.ಮೀ. ಆಳದ ಸೀಲಂಟ್ ಸಾಕು. ವಿನೆಗರ್ ವಾಸನೆಯ ಸಿಲಿಕೋನ್ ಬೇಡ, ಅದರ ಆಮ್ಲ ಲೋಹ ಕೆಡಿಸುತ್ತದೆ. ನ್ಯೂಟ್ರಲ್ ಬಗೆಯದು ಕೇಳಿ.

ಅದಕ್ಕೂ ಮೊದಲು ಅದು ನಿಜಕ್ಕೂ ಸೋರಿಕೆಯೇ ನೋಡಿ. ಮಳೆಯಿಲ್ಲದ ಚಳಿ ಬೆಳಗಿನಲ್ಲೂ ಹನಿಯಿದ್ದರೆ ಅದು ಒಳಗಿನ ಗಾಳಿಯ ತೇವ ತಣ್ಣನೆ ಗಾಜಿಗೆ ತಾಗಿ ಹನಿಗಟ್ಟಿದ್ದು. ಗಾಳಿಯಾಡಿಸಬೇಕು, ಸೀಲಂಟ್ ದುಡ್ಡು ನೀರುಪಾಲು. ಅನುಮಾನವಿದ್ದರೆ ಕೆಳಗಿನ ಸಂದಿನಿಂದ ಶುರುಮಾಡಿ, ಒಂದೊಂದಕ್ಕೂ ಹತ್ತು ನಿಮಿಷ ನೀರು ಬಿಟ್ಟು ಪರೀಕ್ಷಿಸಿ.

ಬೆಳಕಿನ ವಿಷಯಕ್ಕೆ ಬಂದರೆ, ಚಪ್ಪಟೆ ಗಾಜು ಹೆಚ್ಚಾಗಿ ನೇರ ಕೆಳಗನ್ನಷ್ಟೇ ಬೆಳಗುತ್ತದೆ. ದೂರದ ಗೋಡೆ ಮುಟ್ಟಬೇಕಾದರೆ ಅಡಿಯಲ್ಲಿ ಬೆಳಕನ್ನು ಪಕ್ಕಕ್ಕೆ ತಿರುಗಿಸುವ ಪ್ರಿಸಂ ಇರುವುದನ್ನು ಆರಿಸಿ. ನುಣುಪು ಮೈ ಒದ್ದೆಯಾದರೆ ಜಾರುತ್ತದೆ. ತರಿ ಮಾಡಿದ ಮೈಯಲ್ಲಿ ಹಿಡಿತವಿದೆ, ಆದರೆ ಕೊಳೆ ಕೂತು ಬೆಳಕು ಕುಂದುವುದರಿಂದ ಸೋಪಿನ ನೀರು, ನಾರಿನ ಬ್ರಶ್‌ನಲ್ಲಿ ಆಗಾಗ ಉಜ್ಜಬೇಕು. ಪದರ ಗಾಜಿನ (ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಅಂಟಿಸಿದ್ದು) ಅಂಚು ಹಾಲುಬಣ್ಣಕ್ಕೆ ತಿರುಗಿದರೆ ನಡುವಿನ ಪದರಕ್ಕೆ ನೀರು ಇಳಿದಿದೆ ಎಂದರ್ಥ. ಅದನ್ನು ತೊಳೆದು ಸರಿಮಾಡಲಾಗದು. ಅಚ್ಚಿನ ಅಳತೆ ಮುಂದೆ ಸಿಗದಿರಬಹುದು, ಮೊದಲೇ ನಾಲ್ಕು ಗಾಜಿನ ಬಿಲ್ಲೆ ಹೆಚ್ಚಿಗೆ ತಂದಿಡಿ.