ಬೆರಳ ಸಂದು ತೋರಿಸಲು ಸ್ಲೈಡ್ ಪೆಟ್ಟಿಗೆಯೋ, ಜವಾರಿ ಮೊಟ್ಟೆಯೋ?

ಧಾರವಾಡದಲ್ಲಿ ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಗರ್ಭದಲ್ಲಿ ಬೆರಳುಗಳ ನಡುವಿನ ಜೀವಕೋಶಗಳು ಹೊತ್ತಿಗೆ ಸರಿಯಾಗಿ ಸತ್ತುದರಿಂದಲೇ ನಮ್ಮ ಬೆರಳುಗಳು ಬಿಡಿಯಾದವು ಎಂದರೆ ಮಕ್ಕಳು ಬರೆದುಕೊಳ್ಳುತ್ತಾರೆ, ಆದರೆ ನಂಬಿದಂತೆ ಕಾಣುವುದಿಲ್ಲ. ಕಣ್ಣಾರೆ ತೋರಿಸೋಣವೆಂದು 2,600 ರೂಪಾಯಿ ಕೊಟ್ಟು ಕೋಳಿ ಭ್ರೂಣದ ಸ್ಲೈಡ್ ಪೆಟ್ಟಿಗೆ ತರಿಸಿದೆ. ಆ ಹಣ ದಂಡವಾಯಿತು. ಈಗ ನನ್ನ ಮೆಚ್ಚಿನದು ಹಿತ್ತಲಿನ ಜವಾರಿ ಮೊಟ್ಟೆ.

ಪೆಟ್ಟಿಗೆಯಲ್ಲಿದ್ದುದು 24, 33, 48, 72, 96 ತಾಸಿನ ಭ್ರೂಣಗಳು. 96 ತಾಸಿಗೆ ಕಾಲು ಇನ್ನೂ ಮೊಗ್ಗು, ಬೆರಳಿನ ಗುರುತೇ ಇಲ್ಲ. ಕೋಳಿಯಲ್ಲಿ ಬೆರಳ ಸಂದಿನ ಕೋಶಗಳು ಸಾಯುವುದು ಏಳೆಂಟನೆಯ ದಿನ. ಕೊಳ್ಳುವ ಮೊದಲು ಪಟ್ಟಿ ಓದಿದ್ದರೆ ಸಾಕಿತ್ತು.

ಮೊಟ್ಟೆಯ ದಾರಿಯೂ ಸುಲಭದ್ದಲ್ಲ. ಮೊದಲ ಸಲ ಪೇಟೆಯಿಂದ ಹನ್ನೆರಡು ಮೊಟ್ಟೆ ತಂದು 37.5 ಡಿಗ್ರಿ ಕಾವಿನಲ್ಲಿಟ್ಟೆ. ಐದನೆಯ ದಿನ ಕತ್ತಲೆಯಲ್ಲಿ ಮೊಬೈಲ್ ಟಾರ್ಚ್ ಹಿಡಿದು ನೋಡಿದರೆ ಒಂದರಲ್ಲೂ ರಕ್ತನಾಳದ ಎಳೆಯಿಲ್ಲ. ಕಂದು ಚಿಪ್ಪು ನೋಡಿ ಜವಾರಿ ಎಂದುಕೊಂಡಿದ್ದೆ. ಅವು ಹುಂಜವಿಲ್ಲದ ಫಾರಂನವು. ಎರಡನೆಯ ಸಲ ಸಂತೆಯಲ್ಲಿ ನಿಜವಾದ ಜವಾರಿಯೇ ಸಿಕ್ಕಿತು, ಆದರೆ ಎಷ್ಟು ದಿನದ ಮೊಟ್ಟೆಯೋ ಮಾರುವವರಿಗೂ ತಿಳಿಯದು. ಹತ್ತರಲ್ಲಿ ಎರಡು ಮಾತ್ರ ಬೆಳೆದವು.

ಕೊನೆಗೆ ನವಲೂರಿನ ಅಜ್ಜಿಯೊಬ್ಬರ ಹಿತ್ತಲಿಗೆ ಹೋದೆ. ನನ್ನ ಕಥೆ ಕೇಳಿ ಅವರು, "ಹುಂಜ ನೋಡದೆ ಮೊಟ್ಟೆ ಕೊಂಡೆಯಾ ತಂಗಿ?" ಎಂದರು. ಈಗ ಅವರು ಇಟ್ಟ ದಿನವನ್ನು ಪೆನ್ಸಿಲಿನಲ್ಲಿ ಗುರುತು ಹಾಕಿಸಿ ಕೊಡುತ್ತಾರೆ. ಮೂರು ನಾಲ್ಕು ದಿನದೊಳಗಿನವನ್ನೇ ತಂದು, ಚೂಪು ತುದಿ ಕೆಳಗಾಗಿ ಒಂದು ರಾತ್ರಿ ಅಲುಗಿಸದೆ ಇಟ್ಟು, ಆಮೇಲೆ ಕಾವಿಗೆ ಹಾಕುತ್ತೇನೆ. ಹತ್ತರಲ್ಲಿ ಏಳೆಂಟು ಬೆಳೆಯುತ್ತವೆ.

ಎಂಟನೆಯ ದಿನ ಭ್ರೂಣವನ್ನು ನಾನೇ ಹೊರತೆಗೆಯುತ್ತೇನೆ. ಆ ಕೆಲಸ ಮಕ್ಕಳ ಕೈಗೆ ಕೊಡುವುದಿಲ್ಲ. ಪಾದವನ್ನು ಬೆಚ್ಚಗಿನ ಲವಣದ್ರಾವಣದಲ್ಲಿ ತೆಳು ನ್ಯೂಟ್ರಲ್ ರೆಡ್ ಬಣ್ಣದೊಡನೆ ಅರ್ಧ ತಾಸು ಇಟ್ಟರೆ ಬೆರಳುಗಳು ಬಿಳಿಚಾಗಿ ಉಳಿದು ಸಂದುಗಳು ಮಾತ್ರ ಕೆಂಪೇರುತ್ತವೆ. ಸತ್ತ ಕೋಶಗಳನ್ನು ನುಂಗುತ್ತಿರುವ ಭಕ್ಷಕ ಕೋಶಗಳು ಆ ಬಣ್ಣವನ್ನು ಹೀರುತ್ತವೆ. ಹೀಗೆ ಸಂದುಗಳಷ್ಟೇ ಬಣ್ಣ ಹಿಡಿಯುವುದು ಹಸಿ ಅಂಗಾಂಶದಲ್ಲಿ ಮಾತ್ರ. ಹಾಗಾಗಿ ಪೆಟ್ಟಿಗೆಯಲ್ಲಿ ಎಂಟನೆಯ ದಿನದ ಸ್ಲೈಡ್ ಇದ್ದಿದ್ದರೂ ಈ ನೋಟ ಸಿಗುತ್ತಿರಲಿಲ್ಲ. ಮೊದಲ ಸಲ ಅದನ್ನು ಕಂಡ ಹುಡುಗಿಯೊಬ್ಬಳು ತನ್ನ ಬೆರಳುಗಳನ್ನು ಅಗಲಿಸಿ ಬಹಳ ಹೊತ್ತು ನೋಡಿಕೊಂಡಳು. 1972ರಲ್ಲಿ ವಿಜ್ಞಾನಿಗಳಾದ ಕೆರ್, ವೈಲಿ ಮತ್ತು ಕರಿ ಇಂಥ ಸಾವಿಗೆ ಅಪೊಪ್ಟೋಸಿಸ್ ಎಂದು ಹೆಸರಿಟ್ಟರು, ಗ್ರೀಕ್‌ನಲ್ಲಿ ಎಲೆ ಉದುರುವುದಕ್ಕೆ ಬಳಸುವ ಪದವದು ಎಂದು ನಾನು ಹೇಳುವುದು ಆ ಹೊತ್ತಿನಲ್ಲೇ.

ಬಾತುಕೋಳಿ ಮೊಟ್ಟೆಯನ್ನೂ ಒಮ್ಮೆ ಇಟ್ಟೆ. ಬಾತಿನ ಪಾದದಲ್ಲಿ ಗ್ರೆಮ್ಲಿನ್ ಎಂಬ ಪ್ರೋಟೀನು ಸಾವಿನ ಸಂಕೇತವಾದ ಬಿಎಂಪಿ ಎಂಬ ಇನ್ನೊಂದು ಪ್ರೋಟೀನನ್ನು ತಡೆಯುವುದರಿಂದ ಅಂಚಿನಲ್ಲಷ್ಟೇ ಕೆಂಪು ಕಂಡಿತು, ಪೊರೆ ಉಳಿಯಿತು. ಕೋಳಿಯ ಪಕ್ಕದಲ್ಲಿಟ್ಟರೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ, ಆದರೆ ಇಲ್ಲಿ ಆ ಮೊಟ್ಟೆ ಸಿಗುವುದು ಅಪರೂಪ.

ಹತ್ತು ಮೊಟ್ಟೆಗೆ 150 ರೂಪಾಯಿ, ಬಣ್ಣದ ಒಂದು ಸೀಸೆ ವರ್ಷಗಟ್ಟಲೆ ಬರುತ್ತದೆ. ಪಾಠದ ದಿನವನ್ನು ವಾರ ಮುಂಚೆಯೇ ಗೊತ್ತುಮಾಡಿಕೊಳ್ಳುವ ರೂಢಿ ನನಗಿರುವುದರಿಂದ ಇದು ಒಗ್ಗಿತು. ಆ ಬಿಡುವಿಲ್ಲದವರು, ಮೊದಲ ನಾಲ್ಕು ದಿನದ ಬೆಳವಣಿಗೆಯನ್ನಷ್ಟೇ ಕಲಿಸುವವರು ಪೆಟ್ಟಿಗೆ ಕೊಳ್ಳಬಹುದು. ನನ್ನದು ಕಪಾಟಿನಲ್ಲಿದೆ, ಬೇಕಾದವರು ಒಯ್ಯಲಿ.