ನಾಲ್ಕು ವರ್ಷ, ಇಬ್ಬರು ಮಕ್ಕಳು, ಒಂದು ಮಡಿಸುವ ಸ್ಟ್ರಾಲರ್: ಯಾವ ಪ್ರವಾಸಕ್ಕೆ ಬೇಕು, ಯಾವುದಕ್ಕೆ ಬೇಡ

ಈ ಸ್ಟ್ರಾಲರನ್ನು ನಾವು ಕೊಂಡದ್ದು 2021ರ ನವೆಂಬರಿನಲ್ಲಿ, ಮೊದಲ ಮಗಳಿಗೆ ಎಂಟು ತಿಂಗಳಾಗಿದ್ದಾಗ. ಅವಳ ನಂತರ ಅದು ತಮ್ಮನ ಪಾಲಿಗೆ ಬಂತು, ಅವನಿಗೂ ಈಗ ಮೂರು ತುಂಬುತ್ತಿದೆ. ಮೈಸೂರು, ಹಂಪಿ, ಬೇಲೂರು, ಉಡುಪಿ ಮತ್ತು ಒಮ್ಮೆ ಸಿಂಗಪುರ ಎಂದು ಅದು ನಮ್ಮೊಡನೆ ತಿರುಗಿದ ಊರುಗಳು ಹಲವು. ಒಯ್ದು ಪಶ್ಚಾತ್ತಾಪಪಟ್ಟ ಪ್ರವಾಸಗಳೂ ಇವೆ, ಬಿಟ್ಟು ಹೋಗಿ ಪರದಾಡಿದ ಪ್ರವಾಸಗಳೂ ಇವೆ. ತಯಾರಕರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಏಕೆಂದರೆ ಸುಮಾರು ಆರು ಕಿಲೋ ತೂಗುವ, ಒಂದೇ ಕೈಯಲ್ಲಿ ಮಡಿಸಬಹುದಾದ ಈ ಬಗೆಯ ಗಾಡಿಗಳೆಲ್ಲದರ ಗುಣದೋಷಗಳು ಹೆಚ್ಚುಕಡಿಮೆ ಒಂದೇ. ಕೊಳ್ಳುವ ಮೊದಲು ತಿಳಿಯಬೇಕಾದದ್ದು ಅದು ಯಾವ ಕಂಪನಿಯದು ಎಂಬುದಕ್ಕಿಂತ ಎಲ್ಲಿ ಉರುಳುತ್ತದೆ, ಎಲ್ಲಿ ಉರುಳುವುದಿಲ್ಲ ಎಂಬುದು.

ನಮ್ಮದು ಆರು ಕಿಲೋ ನಾನೂರು ಗ್ರಾಂ ತೂಗುತ್ತದೆ. ಹದಿನೈದು ಕಿಲೋವರೆಗಿನ ಮಗುವನ್ನು ಕೂರಿಸಬಹುದು. ಬೆನ್ನಿನ ಭಾಗ ಸಾಕಷ್ಟು ಹಿಂದಕ್ಕೆ ಬಾಗುತ್ತದೆಯಾದರೂ ಪೂರ್ತಿ ಮಟ್ಟಸವಾಗುವುದಿಲ್ಲ. ಆದ್ದರಿಂದ ಕತ್ತು ಇನ್ನೂ ಗಟ್ಟಿಯಾಗದ ಹಸುಗೂಸಿಗೆ ಇದು ಸಲ್ಲದು. ಮಗನನ್ನು ಆರು ತಿಂಗಳು ದಾಟುವವರೆಗೆ ನಾವು ಇದರಲ್ಲಿ ಮಲಗಿಸಲಿಲ್ಲ. ಎರಡು ಹೆಗಲು, ಎರಡು ಸೊಂಟ ಮತ್ತು ಕಾಲುಗಳ ನಡುವಿನಿಂದ ಬರುವ ಐದು ಪಟ್ಟಿಗಳ ಬೆಲ್ಟ್ ಇದೆ. ಮಗು ನಿದ್ದೆಯಲ್ಲಿದ್ದರೂ ಅದನ್ನು ಹಾಕಿಯೇ ಇರಬೇಕು, ಏಕೆಂದರೆ ಕಾಲುದಾರಿಯ ಚಪ್ಪಡಿಯೊಂದಕ್ಕೆ ಮುಂದಿನ ಚಕ್ರ ಸಿಕ್ಕಿಕೊಂಡರೆ ಗಾಡಿ ನಿಲ್ಲುತ್ತದೆ, ಮಗು ನಿಲ್ಲುವುದಿಲ್ಲ.

ಮೊದಲ ಪ್ರವಾಸಕ್ಕೆ ಸಾಮಾನು ಕಟ್ಟುತ್ತಿದ್ದಾಗ ನಮ್ಮ ಅತ್ತೆಯವರು ಇದನ್ನು ನೋಡಿ, "ಎತ್ತಿಕೊಳ್ಳೋಕೆ ನಾವಿಷ್ಟು ಜನ ಇದ್ದೀವಲ್ಲಮ್ಮ, ಇದ್ಯಾಕೆ?" ಎಂದು ಕೇಳಿದ್ದರು. ಆಗ ನನಗೆ ಅದು ಹಳೆಯ ಕಾಲದ ಮಾತೆನಿಸಿತ್ತು. ನಾಲ್ಕು ವರ್ಷಗಳ ನಂತರ ಹೇಳುವುದಾದರೆ, ಈ ವಿಷಯದಲ್ಲಿ ನಾನು ಕೇಳಿದ ಅತ್ಯಂತ ಉಪಯುಕ್ತ ಪ್ರಶ್ನೆ ಅದೇ. ಅಜ್ಜ, ಅಜ್ಜಿ, ಚಿಕ್ಕಪ್ಪ, ಅತ್ತೆ ಎಲ್ಲರೂ ಸೇರಿ ಟೆಂಪೋ ಟ್ರಾವೆಲರ್ ಮಾಡಿಕೊಂಡು ಹೊರಟಾಗ ಮಗು ಒಂದು ಸೊಂಟದಿಂದ ಇನ್ನೊಂದು ಸೊಂಟಕ್ಕೆ ದಾಟುತ್ತಲೇ ಇರುತ್ತದೆ, ಗಾಡಿ ಸೀಟಿನ ಹಿಂದೆ ಮಡಿಸಿಟ್ಟಲ್ಲೇ ಇರುತ್ತದೆ. ಗಂಡ ಹೆಂಡತಿ ಇಬ್ಬರೇ ಎರಡು ಮಕ್ಕಳೊಂದಿಗೆ ಹೊರಟರೆ ಲೆಕ್ಕವೇ ಬೇರೆ: ಒಬ್ಬರ ಕೈಯಲ್ಲಿ ಸೂಟ್‌ಕೇಸ್, ಇನ್ನೊಬ್ಬರ ಕೈಯಲ್ಲಿ ದೊಡ್ಡ ಮಗು, ಚಿಕ್ಕದಕ್ಕೆ ಕೈಯೇ ಉಳಿಯುವುದಿಲ್ಲ. ಹಾಗಾಗಿ ಹೊರಡುವ ಮೊದಲು ನಾನು ಈಗ ಎಣಿಸುವುದು ಮಕ್ಕಳ ವಯಸ್ಸನ್ನಲ್ಲ, ಜೊತೆಗಿರುವ ದೊಡ್ಡವರ ಕೈಗಳನ್ನು ಮತ್ತು ಹೋಗುವ ಜಾಗದ ಮೆಟ್ಟಿಲುಗಳನ್ನು.

ಮೆಟ್ಟಿಲುಗಳ ವಿಷಯದಲ್ಲಿ ನಮಗೆ ಪಾಠ ಕಲಿಸಿದ್ದು ಹಂಪಿ. 2023ರ ಡಿಸೆಂಬರಿನಲ್ಲಿ ಬೆಂಗಳೂರಿನಿಂದ ಸ್ವಂತ ಕಾರಿನಲ್ಲಿ ಹೋಗಿದ್ದೆವು. ಮಗನಿಗೆ ಹನ್ನೊಂದು ತಿಂಗಳು, ಮಗಳಿಗೆ ಮೂರರ ಹತ್ತಿರ. ಮೊದಲ ದಿನ ಬೆಳಿಗ್ಗೆ ವಿರೂಪಾಕ್ಷ ದೇವಾಲಯದ ಎದುರಿನ ರಥಬೀದಿಯಲ್ಲಿ ಗಾಡಿ ಚೆನ್ನಾಗಿಯೇ ಉರುಳಿತು. ದೇವಾಲಯದ ಬಾಗಿಲಲ್ಲಿ ಚಪ್ಪಲಿಯೊಂದಿಗೆ ಅದನ್ನೂ ಬಿಟ್ಟು ಒಳಗೆ ಹೋದೆವು. ಹೊರಗೆ ಬರುವಷ್ಟರಲ್ಲಿ ಕೆಳಗಿನ ಬುಟ್ಟಿಯಲ್ಲಿದ್ದ ಬಾಳೆಹಣ್ಣು ಮತ್ತು ಬಿಸ್ಕತ್ತಿನ ಪೊಟ್ಟಣ ಕೋತಿಗಳ ಪಾಲಾಗಿ, ಬುಟ್ಟಿಯ ಬಲೆ ಹರಿದಿತ್ತು. ಅಲ್ಲಿಗೆ ಸ್ಟ್ರಾಲರ್ ಒಯ್ಯುವವರು ತಿನ್ನುವ ಪದಾರ್ಥವನ್ನು ದಯವಿಟ್ಟು ಅದರಲ್ಲಿ ಇಡಬೇಡಿ, ಅದರಲ್ಲೂ ಮಗು ಅದರೊಳಗೆ ಕುಳಿತಿರುವಾಗ. ಪಕ್ಕದ ಹೇಮಕೂಟವಂತೂ ಬರಿಯ ಬಂಡೆಯ ಇಳಿಜಾರು, ಅಲ್ಲಿ ಚಕ್ರದ ಮಾತೇ ಇಲ್ಲ. ಬೆನ್ನಿಗೆ ಕಟ್ಟಿಕೊಳ್ಳುವ ಬೇಬಿ ಕ್ಯಾರಿಯರನ್ನು ವಸತಿಗೃಹದಲ್ಲೇ ಬಿಟ್ಟು ಬಂದಿದ್ದ ನಾವು ಮಗನನ್ನು ಸೊಂಟದ ಮೇಲೆ ಹೊತ್ತು ಹತ್ತಿದೆವು, ಮಡಿಸಿದ ಗಾಡಿಯನ್ನು ನನ್ನ ಪತಿ ಹೆಗಲಿಗೆ ಹಾಕಿಕೊಂಡು ಬಂದರು. ಮಗುವಿನ ಭಾರವನ್ನು ಇಳಿಸಬೇಕಾದ ವಸ್ತು ತಾನೇ ಇನ್ನೊಂದು ಭಾರವಾಗುವುದು ಹೀಗೆ.

ವಿಜಯವಿಠ್ಠಲ ದೇವಾಲಯಕ್ಕೆ ವಾಹನ ನಿಲ್ದಾಣದಿಂದ ಬ್ಯಾಟರಿ ಗಾಡಿಗಳಲ್ಲಿ ಕರೆದೊಯ್ಯುತ್ತಾರೆ. ಅದರಲ್ಲಿ ಸ್ಟ್ರಾಲರನ್ನು ಮಡಿಸಿ ತೊಡೆಯ ಮೇಲೆ ಇಟ್ಟುಕೊಳ್ಳಬೇಕಾಯಿತು. ಪ್ರಾಕಾರದ ಒಳಗೆ ಕಲ್ಲುಹಾಸು ಏರುತಗ್ಗಾಗಿದೆ. ಚಕ್ರಗಳು ಚಿಕ್ಕವಾದ್ದರಿಂದ ಪ್ರತಿಯೊಂದು ಸಂದಿನಲ್ಲೂ ಜಗ್ಗುತ್ತದೆ, ಮಲಗಿದ್ದ ಮಗು ಎಚ್ಚರಗೊಳ್ಳುತ್ತದೆ. ಕಮಲ ಮಹಲ್ ಮತ್ತು ಆನೆಲಾಯದ ಆವರಣ ಮಾತ್ರ ಇದಕ್ಕೆ ಹೊರತು. ಹುಲ್ಲುಹಾಸಿನ ನಡುವಿನ ದಾರಿಯಲ್ಲಿ ಮಗನನ್ನು ಮಲಗಿಸಿಕೊಂಡೇ ನಾವಿಬ್ಬರೂ ಮಗಳಿಗೆ ಆನೆಗಳು ನಿಲ್ಲುತ್ತಿದ್ದ ಕಮಾನುಗಳನ್ನು ಒಂದೊಂದಾಗಿ ತೋರಿಸಿದೆವು. ಇಡೀ ಮೂರು ದಿನಗಳಲ್ಲಿ ಗಾಡಿ ನಿಜವಾಗಿ ಕೆಲಸಕ್ಕೆ ಬಂದದ್ದು ಆ ಒಂದೂವರೆ ಗಂಟೆ ಮತ್ತು ರಾತ್ರಿ ಊಟದ ಹೊತ್ತು. ಸ್ವಂತ ಕಾರು ಇದ್ದದ್ದರಿಂದ ಅದನ್ನು ಡಿಕ್ಕಿಯಲ್ಲಿ ಬಿಟ್ಟು ಬೇಕಾದಾಗ ತೆಗೆಯಬಹುದಿತ್ತು. ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಹೊಸಪೇಟೆಗೆ ಹೋಗಿ ಆಟೋದಲ್ಲಿ ತಿರುಗುವವರಿಗೆ ನಾನು ಇದನ್ನು ಶಿಫಾರಸು ಮಾಡಲಾರೆ.

ಬೇಲೂರು ಮತ್ತು ಹಳೇಬೀಡಿನಲ್ಲೂ ಫಲಿತಾಂಶ ಹೆಚ್ಚುಕಡಿಮೆ ಇದೇ. ಹೊಯ್ಸಳ ದೇವಾಲಯಗಳು ಎತ್ತರದ ಜಗತಿಯ ಮೇಲೆ ನಿಂತಿವೆ. ಶಿಲ್ಪಗಳನ್ನು ನೋಡಲು ಆ ಜಗತಿಯನ್ನು ಹತ್ತಿ ಬರಿಗಾಲಿನಲ್ಲಿ ಸುತ್ತಬೇಕು, ಮಧ್ಯಾಹ್ನವಾದರೆ ಕಲ್ಲು ಸುಡುತ್ತದೆ. ಅಲ್ಲಿ ಬೇಕಾದದ್ದು ಕ್ಯಾರಿಯರ್ ಮತ್ತು ನಡೆಯುವ ಮಗುವಿಗೆ ಒಂದು ಜೊತೆ ದಪ್ಪ ಕಾಲುಚೀಲ. ಶ್ರವಣಬೆಳಗೊಳದ ವಿಂಧ್ಯಗಿರಿಯ ಬಗ್ಗೆ ಹೇಳುವುದೇ ಬೇಡ.

ಇದಕ್ಕೆ ತೀರಾ ವಿರುದ್ಧವಾದ ಅನುಭವ ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯದ್ದು. 1892ರಲ್ಲಿ ಆರಂಭವಾದ ಆ ಮೃಗಾಲಯದ ದಾರಿಗಳು ಉದ್ದವಾಗಿದ್ದರೂ ಅಗಲವಾಗಿವೆ, ನಯವಾಗಿವೆ, ಬಹುಪಾಲು ಮರಗಳ ನೆರಳಿನಲ್ಲಿವೆ. ಮಂಗಳವಾರ ರಜೆ ಎಂಬುದೊಂದನ್ನು ನೆನಪಿಟ್ಟುಕೊಂಡರೆ ಸ್ಟ್ರಾಲರಿಗೆ ಅದಕ್ಕಿಂತ ಹೇಳಿ ಮಾಡಿಸಿದ ಜಾಗ ನಮ್ಮ ನಾಡಿನಲ್ಲಿ ನನಗೆ ಕಂಡಿಲ್ಲ. ಮಗಳು ಜಿರಾಫೆಯ ಹತ್ತಿರ ಎದ್ದಿದ್ದು, ಪಕ್ಷಿಗಳ ಸಾಲಿನಲ್ಲಿ ನಿದ್ದೆ ಹೋಗಿ, ಹುಲಿಯ ಬಳಿ ಮತ್ತೆ ಎಚ್ಚರಗೊಂಡಳು. ಕ್ಯಾರಿಯರಿನಲ್ಲಿ ಅಷ್ಟು ಹೊತ್ತು ಹೊತ್ತಿದ್ದರೆ ನನ್ನ ಬೆನ್ನು ಮಾರನೆಯ ದಿನ ಏಳಲು ಬಿಡುತ್ತಿರಲಿಲ್ಲ. ಲಾಲ್‌ಬಾಗ್ ಮತ್ತು ಕಬ್ಬನ್ ಪಾರ್ಕ್ ಸಹ ಇದೇ ಗುಂಪಿಗೆ ಸೇರುತ್ತವೆ. ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಮಾತ್ರ ಗಾಜಿನ ಮನೆಯ ಹತ್ತಿರ ಗಾಡಿ ತಳ್ಳಲು ಜಾಗ ಸಿಗುವುದಿಲ್ಲ. ಆ ಜನಜಂಗುಳಿಯಲ್ಲಿ ಮಗು ಎಲ್ಲರ ಮೊಣಕಾಲಿನ ಮಟ್ಟದಲ್ಲಿ ಇರುವುದು ನನಗೆ ಹಿತವೆನಿಸುವುದಿಲ್ಲ.

ವಿಮಾನ ಪ್ರಯಾಣದ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು, ಏಕೆಂದರೆ ಈ ಬಗೆಯ ಗಾಡಿಗಳನ್ನು ಮಾರುವುದೇ "ಕ್ಯಾಬಿನ್ ಸ್ಟ್ರಾಲರ್" ಎಂಬ ಹೆಸರಿನಲ್ಲಿ. ನಮ್ಮದು ಮಡಿಸಿದಾಗ 53 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ, 20 ಸೆಂ.ಮೀ. ದಪ್ಪ. ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ ಇರುವ ಮಿತಿ 55, 35 ಮತ್ತು 25 ಸೆಂ.ಮೀ., ತೂಕ ಏಳು ಕಿಲೋ. ತೂಕ ಮತ್ತು ಉದ್ದ ಸರಿಹೋದರೂ ಅಗಲದಲ್ಲಿ ಹತ್ತು ಸೆಂಟಿಮೀಟರ್ ಹೆಚ್ಚಾಗುತ್ತದೆ. ಹಾಗಾಗಿ ಸೀಟಿನ ಮೇಲಿನ ಅರೆಯಲ್ಲಿ ಇಟ್ಟುಕೊಳ್ಳಬಹುದು ಎಂಬ ಭರವಸೆಯಿಂದ ಇದನ್ನು ಕೊಳ್ಳಬೇಡಿ. ನಮಗೆ ಒಮ್ಮೆಯೂ ಒಳಗೆ ಬಿಡಲಿಲ್ಲ, ಆದರೆ ಇದಕ್ಕಾಗಿ ಪ್ರತ್ಯೇಕ ಹಣವನ್ನೂ ಕೇಳಲಿಲ್ಲ. ಚೆಕ್-ಇನ್ ಕೌಂಟರಿನಲ್ಲಿ ಚೀಟಿ ಕಟ್ಟಿಸಿಕೊಂಡರೆ ವಿಮಾನದ ಬಾಗಿಲವರೆಗೂ ಮಗುವನ್ನು ಅದರಲ್ಲೇ ಒಯ್ಯಬಹುದು, ಅಲ್ಲಿ ಸಿಬ್ಬಂದಿ ಅದನ್ನು ತೆಗೆದುಕೊಂಡು ಸರಕಿನ ಭಾಗಕ್ಕೆ ಹಾಕುತ್ತಾರೆ. ಭದ್ರತಾ ತಪಾಸಣೆಯಲ್ಲಿ ಮಗುವನ್ನು ಎಬ್ಬಿಸಿ, ಗಾಡಿಯನ್ನು ಮಡಿಸಿ, ಎಕ್ಸ್-ರೇ ಯಂತ್ರದೊಳಗೆ ಕಳುಹಿಸಬೇಕು. ನಿದ್ದೆಯಲ್ಲಿರುವ ಮಗುವಿನ ತಾಯಿಗೆ ಅದಕ್ಕಿಂತ ಕಷ್ಟದ ನಿಮಿಷ ಇನ್ನೊಂದಿಲ್ಲ.

ಇಳಿದ ನಂತರ ಅದು ವಿಮಾನದ ಬಾಗಿಲಲ್ಲಿ ಸಿಗುತ್ತದೆಯೋ ಸಾಮಾನಿನ ಬೆಲ್ಟಿನಲ್ಲಿ ಬರುತ್ತದೆಯೋ ಎಂಬುದನ್ನು ಏರುವ ಮೊದಲೇ ಕೇಳಿಕೊಳ್ಳಿ. ಒಮ್ಮೆ ಬೆಲ್ಟಿನಲ್ಲಿ ಬಂದ ಗಾಡಿಯ ಮುಂದಿನ ಚಕ್ರದ ಕಡ್ಡಿ ಬಾಗಿತ್ತು. ಮನೆಗೆ ಬಂದ ಮೇಲೆ ದೂರು ಕೊಟ್ಟ ಕಾರಣ ಅದನ್ನು ಯಾರೂ ಒಪ್ಪಿಕೊಳ್ಳಲಿಲ್ಲ. ನಿಲ್ದಾಣ ಬಿಡುವ ಮೊದಲೇ ಕೌಂಟರಿಗೆ ಹೋಗಿ ಲಿಖಿತವಾಗಿ ದೂರು ದಾಖಲಿಸಬೇಕೆಂದು ಅನಂತರ ತಿಳಿಯಿತು. ಅಂದಿನಿಂದ ದಪ್ಪ ಬಟ್ಟೆಯ ಚೀಲವೊಂದನ್ನು ಹೊಲಿಸಿ ಅದರಲ್ಲೇ ಹಾಕಿ ಕೊಡುತ್ತಿದ್ದೇವೆ.

ಇಷ್ಟೆಲ್ಲ ತೊಡಕಿದ್ದರೂ ವಿಮಾನ ಪ್ರಯಾಣಕ್ಕೆ ಇದನ್ನು ಒಯ್ಯಿರಿ ಎಂದೇ ನಾನು ಹೇಳುತ್ತೇನೆ. 2024ರಲ್ಲಿ ಸಿಂಗಪುರಕ್ಕೆ ಹೋದಾಗ ಕೆಂಪೇಗೌಡ ನಿಲ್ದಾಣದ ಎರಡನೆಯ ಟರ್ಮಿನಲ್‌ನಲ್ಲಿ ಮಧ್ಯರಾತ್ರಿ ಮೂರು ಗಂಟೆಗಳ ಕಾಲ ಮಗ ಅದರಲ್ಲೇ ಮಲಗಿದ್ದ. ಮಗಳು ಅದರ ಪಕ್ಕದಲ್ಲಿ ನನ್ನ ತೊಡೆಯ ಮೇಲೆ ಮಲಗಿದಳು. ಚಲಿಸುವ ಗಾಡಿ ಎಂದು ನಾವು ಕೊಂಡ ವಸ್ತು ಅಲ್ಲಿ ಕೆಲಸ ಮಾಡಿದ್ದು ತೊಟ್ಟಿಲಾಗಿ. ಸಿಂಗಪುರದಲ್ಲಂತೂ ಮೆಟ್ರೋ ನಿಲ್ದಾಣಗಳಲ್ಲೆಲ್ಲ ಲಿಫ್ಟ್ ಇದೆ, ಬಸ್ಸಿಗೂ ಗಾಡಿಯನ್ನು ಮಡಿಸದೆಯೇ ಹತ್ತಬಹುದು, ಕಾಲುದಾರಿಯ ಅಂಚುಗಳು ರಸ್ತೆಯ ಮಟ್ಟಕ್ಕೆ ಇಳಿಜಾರಾಗಿವೆ. ಐದು ದಿನಗಳಲ್ಲಿ ಒಮ್ಮೆಯೂ ಅದನ್ನು ಎತ್ತಿ ದಾಟಿಸಬೇಕಾಗಲಿಲ್ಲ. ನಮ್ಮ ಮೆಟ್ರೋ ನಿಲ್ದಾಣಗಳಲ್ಲೂ ಲಿಫ್ಟ್ ಇದೆ, ತೊಂದರೆ ಶುರುವಾಗುವುದು ನಿಲ್ದಾಣದಿಂದ ಹೊರಗೆ ಕಾಲಿಟ್ಟ ಮೇಲೆ. ಚರಂಡಿಯ ಮೇಲೆ ಹಾಸಿದ ಚಪ್ಪಡಿ ಒಂದೊಂದು ಕಡೆ ಎದ್ದು, ಒಂದೊಂದು ಕಡೆ ಇಲ್ಲದೆ, ಪ್ರತಿ ಗೇಟಿನ ಎದುರು ಒಂದಡಿ ಇಳಿದು ಏರುವ ಕಾಲುದಾರಿಯಲ್ಲಿ ಮಗುವನ್ನು ತಳ್ಳಿಕೊಂಡು ಹೋಗುವುದು ಸಾಧ್ಯವಿಲ್ಲ. ರಸ್ತೆಗೆ ಇಳಿಯಬೇಕಾಗುತ್ತದೆ, ಅದು ಅಪಾಯ. ಇದನ್ನು ಬರೆಯುವಾಗ ನನಗೆ ನಿಜವಾಗಿಯೂ ಬೇಸರವಾಗುತ್ತದೆ, ಏಕೆಂದರೆ ಗಾಲಿಕುರ್ಚಿಯಲ್ಲಿ ಓಡಾಡುವವರು ದಿನವೂ ಎದುರಿಸುವ ಗೋಡೆ ಇದು ಎಂಬುದು ನನ್ನ ಗಮನಕ್ಕೆ ಬಂದದ್ದೇ ಈ ಗಾಡಿಯನ್ನು ತಳ್ಳಲು ಶುರುಮಾಡಿದ ಮೇಲೆ.

ಬಸ್ಸು ಮತ್ತು ರೈಲಿನಲ್ಲಿ ಹೇಳಿಕೊಳ್ಳುವಂತಹ ಸಮಸ್ಯೆಗಳಿಲ್ಲ. ಐರಾವತ ಬಸ್ಸಿನ ಡಿಕ್ಕಿಗೆ ಹಾಕಬಹುದು, ಸ್ಲೀಪರ್ ಬೋಗಿಯಲ್ಲಿ ಕೆಳಗಿನ ಬರ್ತಿನ ಅಡಿಗೆ ತೂರಿಸಬಹುದು. ಲಿಫ್ಟ್ ಇಲ್ಲದ ಸಣ್ಣ ನಿಲ್ದಾಣಗಳಲ್ಲಿ ಮೇಲ್ಸೇತುವೆ ಹತ್ತಿಳಿಯುವುದಕ್ಕೆ ಮಾತ್ರ ಸಿದ್ಧರಿರಬೇಕು. ಬಾಡಿಗೆ ಕ್ಯಾಬ್ ಬಗ್ಗೆ ಒಂದು ಎಚ್ಚರಿಕೆ: ಅನೇಕ ಕ್ಯಾಬುಗಳ ಡಿಕ್ಕಿಯ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಸಿ.ಎನ್.ಜಿ. ಸಿಲಿಂಡರ್ ಆಕ್ರಮಿಸಿರುತ್ತದೆ. ಎರಡು ಸೂಟ್‌ಕೇಸ್ ಇಟ್ಟ ಮೇಲೆ ಸ್ಟ್ರಾಲರಿಗೆ ಜಾಗ ಉಳಿಯುವುದಿಲ್ಲ. ಗಾಡಿ ಕಾಯ್ದಿರಿಸುವಾಗಲೇ ಮೇಲೆ ಕ್ಯಾರಿಯರ್ ಇರುವ ವಾಹನವನ್ನು ಕೇಳಿಕೊಳ್ಳುವುದು ಒಳ್ಳೆಯದು.

ಬಿಸಿಲಿನ ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಇದರ ಮೇಲ್ಛಾವಣಿ ಚಿಕ್ಕದು, ಸಂಜೆಯ ಓರೆ ಬಿಸಿಲು ನೇರವಾಗಿ ಮಗುವಿನ ಮುಖಕ್ಕೆ ಬೀಳುತ್ತದೆ. ಹಾಗೆಂದು ಅನೇಕರು ಮುಂಭಾಗಕ್ಕೆ ತೆಳುವಾದ ಬಟ್ಟೆ ಅಥವಾ ದುಪಟ್ಟಾ ಇಳಿಬಿಡುವುದನ್ನು ನೋಡಿದ್ದೇನೆ, ಮೊದಲ ವರ್ಷ ನಾನೂ ಹಾಗೆಯೇ ಮಾಡಿದ್ದೆ. ಗಾಳಿಯಾಡದೆ ಒಳಗಿನ ಬಿಸಿ ಬೇಗನೆ ಏರುತ್ತದೆ, ಮಗುವಿನ ಮುಖವೂ ನಮಗೆ ಕಾಣುವುದಿಲ್ಲ. ಈಗ ಹಿಡಿಗೆ ಸಿಕ್ಕಿಸುವ ಪುಟ್ಟ ಛತ್ರಿಯೊಂದನ್ನು ಬಳಸುತ್ತೇವೆ. ಅದೇ ಹಿಡಿಗೆ ಭಾರದ ಚೀಲವನ್ನು ಮಾತ್ರ ತೂಗುಹಾಕಬಾರದು. ಮಗುವನ್ನು ಎತ್ತಿಕೊಂಡ ತಕ್ಷಣ ಗಾಡಿ ಹಿಂದಕ್ಕೆ ಮಗುಚುತ್ತದೆ. ಮಗು ಒಳಗಿದ್ದಾಗಲೂ, ಏರುದಾರಿಯಲ್ಲಿ ಹಾಗಾಗಬಹುದು.

ಬಾಳಿಕೆಯ ಮಟ್ಟಿಗೆ ಹೇಳುವುದಾದರೆ ಒಂಬತ್ತು ಸಾವಿರ ರೂಪಾಯಿಗೆ ಮೋಸವಾಗಿಲ್ಲ. ಚೌಕಟ್ಟು, ಮಡಿಸುವ ಗುಂಡಿ ಮತ್ತು ಬ್ರೇಕ್ ಇಂದಿಗೂ ಗಟ್ಟಿಯಾಗಿವೆ. ಮಲ್ಪೆಯ ಕಡಲತೀರದಲ್ಲಿ ತಳ್ಳಲು ಹೋಗಿ ಮುಂದಿನ ಚಕ್ರಗಳೊಳಗೆ ಮರಳು ಸೇರಿಕೊಂಡಿತು, ಬಿಚ್ಚಿ ತೊಳೆದರೂ ಒಂದು ಚಕ್ರ ಈಗಲೂ ಕಿರುಗುಟ್ಟುತ್ತದೆ. ಮರಳಿನಲ್ಲಿ ಈ ಚಕ್ರಗಳು ಹೂತುಹೋಗುತ್ತವೆಯೇ ಹೊರತು ಉರುಳುವುದಿಲ್ಲ. ಆರಂಭದಲ್ಲಿ ಕೊಬ್ಬರಿ ಎಣ್ಣೆ ಬಿಟ್ಟು ಇನ್ನಷ್ಟು ಧೂಳು ಮೆತ್ತಿಸಿಕೊಂಡಿದ್ದೆ, ಒಣ ಸಿಲಿಕೋನ್ ಸ್ಪ್ರೇ ಒಳ್ಳೆಯದು. ಹಿಡಿಯ ಎತ್ತರವನ್ನು ಬದಲಿಸಲಾಗದು. ಆರಡಿ ಇರುವ ನನ್ನ ಪತಿ ಯಾವಾಗಲೂ ಬಾಗಿಯೇ ತಳ್ಳಬೇಕಾಯಿತು.

ಮಗ ಈಗ ಹದಿನಾಲ್ಕು ಕಿಲೋ ತೂಗುತ್ತಾನೆ, ಕೂರಿಸಿದರೆ ಐದು ನಿಮಿಷದಲ್ಲಿ ಇಳಿದು ತಾನೇ ತಳ್ಳುತ್ತೇನೆ ಎನ್ನುತ್ತಾನೆ. ಬರುವ ತಿಂಗಳು ನನ್ನ ತಮ್ಮ ಮತ್ತು ಅವನ ಹೆಂಡತಿ ಏಳು ತಿಂಗಳ ಮಗಳೊಂದಿಗೆ ದೆಹಲಿಗೆ ವಿಮಾನದಲ್ಲಿ ಹೊರಟಿದ್ದಾರೆ, ಅವರೊಂದಿಗೆ ಹಿರಿಯರು ಯಾರೂ ಇಲ್ಲ. ಹರಿದ ಬುಟ್ಟಿಗೆ ಹೊಸ ಬಲೆ ಹೊಲಿಸಿ, ಬೆಲ್ಟಿನ ಪಟ್ಟಿಗಳನ್ನು ಒಂದೊಂದಾಗಿ ಎಳೆದು ಪರೀಕ್ಷಿಸಿ, ದಪ್ಪ ಬಟ್ಟೆಯ ಚೀಲದ ಸಮೇತ ಗಾಡಿಯನ್ನು ಅವರಿಗೆ ಕೊಟ್ಟಿದ್ದೇವೆ. ಅಲ್ಲಿಂದ ಹಿಂತಿರುಗಿದ ಮೇಲೆ ಮಗುವಿನ ಮುಡಿ ಕೊಡಲು ಎಲ್ಲರೂ ಸೇರಿ ಧರ್ಮಸ್ಥಳಕ್ಕೆ ಹೋಗುವುದಿದೆ. ಅದಕ್ಕೆ ಕ್ಯಾರಿಯರ್ ಒಂದೇ ಸಾಕು, ಸ್ಟ್ರಾಲರನ್ನು ಮನೆಯಲ್ಲೇ ಬಿಡಿ ಎಂದು ಹೇಳಿದ್ದೇನೆ.